ಹಿಂದೆ ಎಂಜಿನ್ನು, ಮುಂದೆ ಮಂಜು

21-7-97, ಸೋಮವಾರ. ಸಂಜೆ 7.40

ಈಗ ಬಂದೆ. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಸಿಗಲಿಲ್ಲ, ಬಾಗಲಗುಂಟೆವರೆಗೆ ನಡೆದೇ ಬಂದೆ. ಜಿನುಗು ಮಳೆ. ಬೆಳಿಗ್ಗೆ ಆರು ಸೀಟಿಗೆ ಕವರ್ ಹೊಲಿದೆ. ಮಧ್ಯಾಹ್ನ ಒಂದೂ ಇಲ್ಲ. ಮಧ್ಯಾಹ್ನ ಪೂರ್ತಿ ಮನೆ ಗಾಡಿಯದೇ ಗಲಾಟೆ.

ಮನೆ ಗಾಡಿ ಅಂತ ಹೆಸರಿಟ್ಟವರು ಪೀಣ್ಯದ ನಮ್ಮ ಬಸ್ ಬಾಡಿ ಶೆಡ್ಡಿನವರೇ. ಫಾರಿನ್ ಬಸ್ಸು, ಮದ್ರಾಸ್ ಹಾರ್ಬರಿನಲ್ಲಿ ಹರಾಜಿಗೆ ಬಂದದ್ದು. ಎಂಜಿನ್ನು ಹಿಂದೆ ಇದೆ. ಒಳಗೆ ಮಂಚ, ಅಡುಗೆ ಕಟ್ಟೆ, ಔಷಧದ ಬೀರು. ನಿವೇದಿತಾ ಮೇಡಂ ಅಂತ ಮಕ್ಕಳ ಡಾಕ್ಟರು, ಮನಾಲಿ ಆಚೆ ಹಿಮದ ಹಳ್ಳಿಗಳಿಗೆ ಇದರಲ್ಲೇ ಹೋಗಿ, ಇದರಲ್ಲೇ ಇರುತ್ತಾರಂತೆ. ಆಗಸ್ಟ್ ಕೊನೆಗೆ ಹೊರಡಬೇಕು. ತಡವಾದರೆ ಹಿಮ ಬಿದ್ದು ರೋಡು ಮುಚ್ಚುತ್ತಂತೆ.

ಆ ಗಾಡಿಯ ನೆಲ, ನೆಲದ ಒಳಗೆ ಹಿಂದಿನಿಂದ ಮುಂದಕ್ಕೆ ಓಡುವ ಬಿಸಿನೀರಿನ ಪೈಪು — ಎರಡೂ ನಮ್ಮನೆಯವರು ಮಾಡಿದ್ದು. ಮಾರ್ಚಿನಲ್ಲಿ. ಏಪ್ರಿಲ್ ಹತ್ತೊಂಬತ್ತಕ್ಕೆ ಇವರು ಹೋದರು. ಕಾಮಾಲೆ. ಹನ್ನೊಂದೇ ದಿನ. ಇವರು ಕೈ ಹಾಕಿದ ಕೊನೇ ಗಾಡಿ.

ಇವತ್ತು ಹೀಟರ್ ಟ್ರಯಲ್ ಇತ್ತು. ಎಂಜಿನ್ನಿನ ಬಿಸಿನೀರು ಪೈಪಿನಲ್ಲಿ ಮುಂದಕ್ಕೆ ಬಂದು, ಡ್ಯಾಶ್‌ಬೋರ್ಡ್ ಒಳಗೆ ಸುತ್ತಿ, ಫ್ಯಾನು ಅದರ ಶಾಖವನ್ನು ಗಾಜಿನ ಮೇಲೆ ಊದಬೇಕು. ಬೆಂಗಳೂರಲ್ಲಿ ಚಳಿ ಎಲ್ಲಿಂದ ತರುವುದು? ಶೆಡ್ಡಿನ ಓನರ್ ಪಂಚಾಕ್ಷರಿ ಸಾರ್ ಯಶವಂತಪುರದ ಐಸ್ ಫ್ಯಾಕ್ಟರಿಯಿಂದ ನಾಲ್ಕು ಗಡ್ಡೆ ತರಿಸಿ, ಗೋಣಿಚೀಲ ಹಾಸಿ ಮುಂದಿನ ಗಾಜಿಗೆ ಒರಗಿಸಿದರು. ಒಳಗೆ ಕೆಟಲ್ಲಿನಲ್ಲಿ ನೀರು ಕುದಿಸಿ ಹಬೆ ಮಾಡಿದ್ದಾಯಿತು. ಡ್ರೈವರ್ ಹನುಮಯ್ಯ, "ಇನ್ನೆರಡು ಡಜನ್ ನಿಂಬೆಹಣ್ಣು ತರಿಸಿ ಸಾರ್, ಎಲ್ರಿಗೂ ಸರಬತ್ತು ಆಗೋಯ್ತದೆ" ಅಂದರು. ಎಲ್ಲರೂ ನಕ್ಕರು. ಗಾಜು ಮಂಜು ಹಿಡಿಯಿತು. ಎಂಜಿನ್ನು ಮುಕ್ಕಾಲು ಗಂಟೆ ಓಡಿತು. ಮಂಜು ಹೋಗಲಿಲ್ಲ.

ಮೇಡಂ ಡ್ಯಾಶ್‌ಬೋರ್ಡಿನ ಕಿಂಡಿಗೆ ಕೈ ಹಿಡಿದು ನೋಡಿದರು. "ಬೆಕ್ಕು ಉಸಿರು ಬಿಟ್ಟ ಹಾಗಿದೆ ಸಾರ್. ಅಲ್ಲಿ ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ. ಗಾಜಿನಾಚೆ ಏನೂ ಕಾಣದಿದ್ರೆ ಹನುಮಯ್ಯನವರು ಯಾವುದನ್ನ ನೋಡ್ಕೊಂಡು ಓಡಿಸ್ಬೇಕು?"

ಫೋರ್ಮನ್ ವೀರೇಶ್ ಬಾಯಿ ಹಾಕಿದರು. "ಪೈಪೇ ಸರಿ ಇಲ್ಲ ಸಾರ್. ನೆಲ ಕತ್ತರಿಸಿ ಬೇರೆ ಎಳೀಬೇಕು."

ಹೇಳುವಾಗ ನನ್ನ ಕಡೆ ನೋಡಲಿಲ್ಲ. ನಾನು ಹತ್ತು ಅಡಿ ದೂರದಲ್ಲೇ ಇದ್ದೆ, ಕೈಯಲ್ಲಿ ಕತ್ತರಿ. ನೋಡಲೇ ಇಲ್ಲ. ಯಾಕೆ?


22-7-97

ನಿದ್ದೆ ಸರಿ ಬರಲಿಲ್ಲ. ಎದ್ದಾಗಿನಿಂದ ಒಂದೇ ಮಾತು ತಲೆಯಲ್ಲಿ. ಪೈಪೇ ಸರಿ ಇಲ್ಲ.

ಇವರು ವೀರೇಶನಿಗಿಂತ ಏಳು ವರ್ಷ ಹಿರಿಯರು. ಫೋರ್ಮನ್ ಕೆಲಸ ಇವರಿಗೇ ಅಂತ ಶೆಡ್ಡೆಲ್ಲ ಹೇಳುತ್ತಿತ್ತು. ವೀರೇಶ್ ರಾಣೆಬೆನ್ನೂರಿನಿಂದ ಡಿಪ್ಲೊಮಾ ಹಿಡಿದುಕೊಂಡು ಬಂದರು, ಅವರಿಗಾಯಿತು. ಇವರು ಜಗಳ ಆಡಿದವರಲ್ಲ. ಮನೆಗೆ ಬಂದು ಕೈ ತೊಳೆಯುತ್ತಾ, "ಅವನು ನನ್ನ ಕೆಲಸದಲ್ಲಿ ತಪ್ಪು ಹುಡುಕೋಕೆ ಕಾಯ್ತಿದಾನೆ ಕಣೆ" ಅನ್ನುತ್ತಿದ್ದರು. ಬದುಕಿದ್ದಾಗ ಸಿಗಲಿಲ್ಲ. ಈಗ ಸಿಕ್ಕಿತು. ಉತ್ತರ ಹೇಳುವವರು ಇಲ್ಲ ಅಂತ ಗೊತ್ತು.

ನೆಲ ನಾನು ನೋಡಿದ್ದೇನೆ. ಒಂದೊಂದು ರಿವೆಟ್ಟೂ ದಾರ ಹಿಡಿದು ಹೊಡೆದದ್ದು. ಕೊನೇ ಹಲಗೆ ಹಾಕಿದ ದಿನ ನನ್ನನ್ನು ಕರೆದು, "ಮೇಲೆ ನಡಿ, ಎಲ್ಲಾದರೂ ಕಿರ್ ಅನ್ನುತ್ತಾ ನೋಡು" ಅಂದಿದ್ದರು. ಉದ್ದಕ್ಕೂ ನಡೆದೆ. ಎಲ್ಲೂ ಅನ್ನಲಿಲ್ಲ. ಅದಕ್ಕೆ ಗ್ಯಾಸ್ ಕಟರ್ ಹಿಡಿಯುತ್ತಾರಂತೆ.


24-7-97, ಗುರುವಾರ. ರಾತ್ರಿ 8

ಪಂಚಾಕ್ಷರಿ ಸಾರ್ ಹತ್ತಿರ ಹೋಗಿ ಮಾತಾಡಿದೆ. ಐದು ವರ್ಷದಲ್ಲಿ ನಾನಾಗಿ ಅವರ ರೂಮಿಗೆ ಹೋದದ್ದು ಇದೇ ಮೊದಲು.

"ಸಾರ್, ನೆಲ ಕತ್ತರಿಸೋಕೆ ಮುಂಚೆ ಪೈಪಿಗೆ ಸುತ್ತಿ ನೋಡೋಣ. ಮೂವತ್ನಾಲ್ಕು ಅಡಿ ಬರೋಷ್ಟರಲ್ಲಿ ನೀರು ಆರುತ್ತೆ. ಕೆಳಗಿನ ತಗಡು ಬಿಚ್ಚಿದ್ರೆ ಕೈ ಹೋಗುತ್ತೆ. ಸೀಟಿಗೆ ಹಾಕೋ ಉಣ್ಣೆ ಫೆಲ್ಟ್ ಇದೆ, ಮೇಲೆ ರೆಕ್ಸಿನ್ ಹೊಲೀತೀನಿ."

ಸಾರ್ ದಾವಣಗೆರೆಯವರು, ಮಾತಿಗೆ ಮುಂಚೆ ಕನ್ನಡಕ ಒರೆಸುತ್ತಾರೆ. "ಮಾಡ್ರಿ. ಒಂದು ವಾರ. ಮತ್ತ ನೀವು ಎಸ್ಸೆಸ್ಸೆಲ್ಸಿ ಪಾಸು ಹೌದಲ್ರಿ? ಟ್ರಯಲ್ ಆದಾಗೆಲ್ಲ ಹಿಂದ ಎಷ್ಟು ಬಿಸಿ, ಮುಂದ ಎಷ್ಟು ಬಿಸಿ, ನೀವೇ ಬರ್ಕೊಳ್ರಿ. ಈ ನನ್ಮಕ್ಕಳ ಅಕ್ಷರ ದೇವರಿಗೂ ತಿಳಿಯಂಗಿಲ್ಲ."

ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಟ್ಟುಹೋಗಿ ಎಷ್ಟು ಕಾಲವಾಯಿತೋ. ಹನುಮಯ್ಯ ತನ್ನ ಭಾವಮೈದನಿಂದ ಹಾಲಿನ ಡೈರಿಯ ಥರ್ಮಾಮೀಟರ್ ತಂದರು. ಉದ್ದದ್ದು, ನೂರರವರೆಗೆ ತೋರಿಸುತ್ತೆ. ಬಟ್ಟೆಯಲ್ಲಿ ಪೈಪಿಗೆ ಬಿಗಿಯಾಗಿ ಕಟ್ಟಿ ಹತ್ತು ನಿಮಿಷ ಬಿಡಬೇಕು.

ಇವತ್ತು: ಹಿಂದೆ, ಎಂಜಿನ್ ಹತ್ತಿರ, 61. ಮುಂದೆ 40.

ವೀರೇಶ್ ನಾನು ಬರೆದದ್ದನ್ನು ಭುಜದ ಮೇಲಿಂದ ಓದಿದರು. "ನೋಡಿದ್ರಾ ಗೌರಕ್ಕ, ಇಪ್ಪತ್ತೊಂದು ದಾರೀಲೇ ಹೋತು." ಮೆತ್ತಗೆ ಹೇಳಿದರು. ಆ ಮೆತ್ತಗೇ ನನಗೆ ಸರಿ ಕಾಣುವುದಿಲ್ಲ.


31-7-97

ಆರು ದಿನ ಬರೆಯಲಿಲ್ಲ. ಬೆನ್ನು ನೋವು. ಸೀರೆ ಮೇಲೆ ಇವರ ಖಾಕಿ ಕೋಟು ಹಾಕಿ, ಹಲಗೆ ಮೇಲೆ ಮಲಗಿ, ಗಾಡಿ ಕೆಳಗೆ ಹೋಗುವುದು. ಮುಖದ ಮೇಲೆ ಒಂದು ಗೇಣು ಜಾಗ. ರವಿಕೆ ತೋಳು ಹೊಲಿದ ಹಾಗೇ ಹೊಲಿದೆ, ಎರಡೆರಡು ಅಡಿಯ ತೋಳು, ಹದಿನೇಳು. ಪೈಪಿಗೆ ತೊಡಿಸಿ, ಅಂಚು ಕೈಹೊಲಿಗೆ.

ಪೈಪು ಎಲ್ಲೂ ಜೋಲು ಬಿದ್ದಿಲ್ಲ. ಎರಡಡಿಗೊಂದು ಕ್ಲಾಂಪು. ಕ್ಲಾಂಪಿನ ಕೆಳಗೆ ರಬ್ಬರ್ ತುಂಡು, ಉಜ್ಜಿ ತೂತಾಗದಿರಲಿ ಅಂತ. ಯಾರಿಗೂ ಕಾಣದ ಜಾಗದಲ್ಲಿ. ಇದನ್ನು ಸರಿ ಇಲ್ಲ ಅನ್ನುತ್ತಾರೆ.

ಇವತ್ತು ಟ್ರಯಲ್: ಹಿಂದೆ 62. ಮುಂದೆ 53.

ಗಾಜಿನ ಮಂಜು ಕೆಳಗೆ ಒಂದು ಅಂಗೈ ಅಗಲ ಕರಗಿತು. ಅಷ್ಟೇ. ಮೇಡಂ ನನ್ನ ಕೈ ಹಿಡಿದು, "ನೀವು ಒಬ್ಬರೇ ಇಷ್ಟು ಮಾಡಿದ್ರಾ?" ಅಂದರು. ಆಮೇಲೆ ಸಾರ್ ಕಡೆ ತಿರುಗಿ, "ಸಾಲಲ್ಲ, ಅಲ್ವಾ?" ಅಂದರು. ಒಳ್ಳೆಯವರು. ಸುಳ್ಳು ಹೇಳಲು ಬರುವುದಿಲ್ಲ.


2-8-97, ಶನಿವಾರ

ಒಂದು ವಿಷಯ. ಊಟದ ಹೊತ್ತಿನಲ್ಲಿ ಎಲ್ಲರೂ ಬೇವಿನ ಮರದ ಕೆಳಗೆ ಕೂರುತ್ತಾರೆ. ವೀರೇಶ್ ಮೂರು ದಿನದಿಂದ ಅಲ್ಲಿಲ್ಲ. ಇವತ್ತು ಡಬ್ಬಿ ತೊಳೆಯಲು ನಲ್ಲಿಗೆ ಹೋದಾಗ ನೋಡಿದೆ — ಮನೆ ಗಾಡಿಯ ಹಿಂದಿನಿಂದ ಬರುತ್ತಿದ್ದರು. ಕೈ ಒದ್ದೆ. ನನ್ನನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

ಹಿಂದುಗಡೆ ಒಂದು ವಾಲ್ವಿದೆ, ಬಿಸಿನೀರು ಮುಂದಕ್ಕೆ ಹೋಗುವುದನ್ನು ತೆರೆಯೋದು, ಮುಚ್ಚೋದು. ಅದನ್ನು ಅರ್ಧ ಮುಚ್ಚಿಟ್ಟರೆ ಯಾವ ಪೈಪೂ ಬಿಸಿಯಾಗಲ್ಲ. ತಪ್ಪು ಮಾತ್ರ ಪೈಪಿನದು.

ಹಾಗೆ ಮಾಡುತ್ತಾರಾ? ಸತ್ತವರ ಮೇಲೆ?

ಸಂಜೆ ಬರುವ ಮುಂಚೆ ವಾಲ್ವಿನ ಹಿಡಿಗೂ ಪಕ್ಕದ ಬೋಲ್ಟಿಗೂ ಕಪ್ಪು ದಾರ ಕಟ್ಟಿ ಬಂದೆ. ಒಂದೇ ಎಳೆ. ತಿರುಗಿಸಿದರೆ ಹರಿಯುತ್ತೆ.


4-8-97

ಮಧ್ಯಾಹ್ನ ಎರಡಕ್ಕೆ ಹೋಗಿ ನೋಡಿದೆ. ದಾರ ಹರಿದಿತ್ತು.


5-8-97

ಮತ್ತೆ ಕಟ್ಟಿದೆ. ಮತ್ತೆ ಹರಿದಿತ್ತು.

ಯಾರಿಗೆ ಹೇಳಲಿ? ಸಾರ್, ವೀರೇಶ್ ಇಬ್ಬರೂ ಒಂದೇ ಕಡೆಯವರು, ಮಠದ ಜಾತ್ರೆಗೆ ಒಂದೇ ಕಾರಿನಲ್ಲಿ ಹೋಗುತ್ತಾರೆ. ಹನುಮಯ್ಯನ ಬಾಯಿ ನಿಲ್ಲುವುದಿಲ್ಲ. ಮನೆ ಓನರ್ ನಾಗಲಕ್ಷ್ಮಮ್ಮನಿಗೆ ಹೇಳಿದೆ. ಹಿತ್ತಲಲ್ಲಿ ಹಸು ಕಟ್ಟುತ್ತಿದ್ದರು. "ಮುಖದ್ ಮೇಲೆ ಕೇಳ್ಬುಡು ತಾಯಿ. ಇಂಗೆ ಒಳಗೊಳಗೇ ಬೇಯ್ತಾ ಕುಂತ್ರೆ ನಿಂಗೂ ಕಾಮಾಲೆ ಬಂದಾತು" ಅಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ಒಂದು ಲೋಟ ಹಾಲು ಕೊಟ್ಟರು.


6-8-97, ಬುಧವಾರ. ಸಂಜೆ

ಊಟ ಬಿಟ್ಟು ಗಾಡಿಯ ಹಿಂದೆ ಹೋಗಿ ನಿಂತೆ. ವೀರೇಶ್ ಕೂತಿದ್ದರು. ಕೈಯಲ್ಲಿ ಸ್ಪ್ಯಾನರ್, ಪೈಪಿನ ಕೆಳಗೆ ಪ್ಲಾಸ್ಟಿಕ್ ಮಗ್ಗು. ವಾಲ್ವು ಪೂರ್ತಿ ಮುಚ್ಚಿತ್ತು. ಕಣ್ಣಾರೆ ನೋಡಿದೆ.

"ಏನ್ ಮಾಡ್ತಿದೀರಿ?"

ಬೆಚ್ಚಿದರು. "ಗಾಳಿ ತೆಗೀತಿದೀನಿ ಅಕ್ಕ. ಪೈಪಿನಾಗ ಗಾಳಿ ಸಿಕ್ಕಂಡ್ರ ನೀರು ಓಡಂಗಿಲ್ಲ. ಇದನ್ನ ಮುಚ್ಚಿ, ಇಲ್ಲಿ ಸಡ್ಲ ಮಾಡಿದ್ರ ಗುಳ್ಳಿ ಬರ್ತಾವ."

"ಗುಳ್ಳೆ ಬಂತಾ?"

"ಮೊದಲ ದಿನ ಬಂತು. ಆಮ್ಯಾಗ ಒಂದೂ ಇಲ್ಲ."

"ಕದ್ದು ಯಾಕೆ ಮಾಡ್ಬೇಕು?"

ಮಗ್ಗು ಎತ್ತಿ ನೀರು ಚೆಲ್ಲಿದರು. "ಎಲ್ಲಾರ ಮುಂದ ಮಾಡಿದ್ರ, ಅಣ್ಣಾರ ಪೈಪು ಸರಿ ಇಲ್ಲ ಅಂತ ಊರಿಗೆ ಡಂಗುರ ಹೊಡದಂಗ ಆಗ್ತಿತ್ತು."

ಮಾತು ಚೆನ್ನಾಗಿದೆ. ನಂಬಲಿಲ್ಲ. ಮೊದಲ ದಿನ ಎಲ್ಲರ ಮುಂದೆ ಪೈಪೇ ಸರಿ ಇಲ್ಲ ಅಂದವರು ಇವರೇ ಅಲ್ಲವಾ? ಸಿಕ್ಕಿಬಿದ್ದ ಮೇಲೆ ಯಾರಾದರೂ ಹೀಗೇ ಹೇಳುತ್ತಾರೆ. ವಾಲ್ವು ಪೂರ್ತಿ ತೆರೆದು, ನಾನೇ ನಿಂತು ಟ್ರಯಲ್ ಮಾಡಿಸಿದೆ.

ಹಿಂದೆ 62. ಮುಂದೆ 53. ಅದೇ.


15-8-97, ಶುಕ್ರವಾರ

ರಜ. ವರಮಹಾಲಕ್ಷ್ಮಿಯೂ ಇವತ್ತೇ. ಬೀದಿ ತುಂಬಾ ರೇಷ್ಮೆ ಸೀರೆ. ನಾಗಲಕ್ಷ್ಮಮ್ಮ ಮನೆ ಮನೆಗೆ ಹೋಗಿ ಅರಿಶಿನ ಕುಂಕುಮಕ್ಕೆ ಕರೆದರು. ನನ್ನ ಬಾಗಿಲ ಮುಂದೆ ಹೆಜ್ಜೆ ನಿಧಾನ ಆಯಿತು, ಆಮೇಲೆ ಮುಂದಕ್ಕೆ ಹೋಯಿತು. ಒಳಗೆ ಕೂತು ಕೇಳಿಸಿಕೊಂಡೆ. ಸಂಜೆ ಹಿತ್ತಲ ಬಾಗಿಲಿಂದ ಒಬ್ಬಟ್ಟು ತಂದುಕೊಟ್ಟು, "ತಪ್ಪು ತಿಳ್ಕಬ್ಯಾಡ" ಅಂದರು. ತಿಳಿದುಕೊಳ್ಳಲಿಲ್ಲ. ಹಿಂದಿನ ವರ್ಷ ನಾನೂ ಗಂಡ ತೀರಿಕೊಂಡ ಚನ್ನಕ್ಕನ ಬಾಗಿಲನ್ನು ಹೀಗೇ ದಾಟಿ ಹೋಗಿದ್ದೆ.

ನಿನ್ನೆ ಸಾರ್ ಹೇಳಿಬಿಟ್ಟರು. ಸೋಮವಾರ ನೆಲ ಕತ್ತರಿಸುವುದು. ದಪ್ಪ ಪೈಪು, ಜೊತೆಗೆ ಪಂಪು. ಬೇರೆ ದಾರಿ ಇಲ್ಲ, ಇನ್ನು ಎರಡೇ ವಾರ ಉಳಿದಿದೆ ಅಂದರು.

ಮೂರು ದಿನ ಇದೆ.


16-8-97, ಶನಿವಾರ. ಸಂಜೆ 7

ಎಲ್ಲಿಂದ ಶುರು ಮಾಡಲಿ...

ಬೆಳಿಗ್ಗೆ ಬಸ್ಸಿನಲ್ಲಿ ಕೂತು ಬಿಸಿ ಬರೆದ ಪಟ್ಟಿ ನೋಡುತ್ತಿದ್ದೆ. ಹದಿನಾರು ಟ್ರಯಲ್. ಇಷ್ಟು ದಿನ ಎಲ್ಲರೂ ಎರಡರ ನಡುವಿನ ವ್ಯತ್ಯಾಸ ನೋಡುತ್ತಿದ್ದೆವು. ಈಗ ಒಂಬತ್ತು ಡಿಗ್ರಿ. ಬಚ್ಚಲಲ್ಲಿ ಹಂಡೆಯಿಂದ ಬಕೆಟ್ಟಿಗೆ ತೋಡುವಷ್ಟರಲ್ಲೇ ಅಷ್ಟು ಆರುತ್ತೆ. ಮೂವತ್ನಾಲ್ಕು ಅಡಿಗೆ ಒಂಬತ್ತು ಹೆಚ್ಚಲ್ಲ. ಹಾಗಾದರೆ ಹಂಡೆಯೇ ಕಾದಿಲ್ಲವಾ?

ಸಾರ್ ಹತ್ತಿರ ಹೋದೆ. "ಸಾರ್, ಎಂಜಿನ್ನಿನ ನೀರು ಎಷ್ಟು ಬಿಸಿ ಇರ್ಬೇಕು?"

"ಎಂಬತ್ತು. ಎಂಬತ್ತೈದು. ಯಾಕ್ರಿ?"

"ಒಂದು ಸಲವೂ ಅರವತ್ತೆರಡು ದಾಟಿಲ್ಲ."

ಕನ್ನಡಕ ತೆಗೆದರು. "ಥರ್ಮಾಮೀಟರ್ ಸುಳ್ಳು ಹೇಳ್ತಿರ್ಬೇಕು ಬಿಡ್ರಿ. ಹಾಲಿಂದು ಅದು." ಅಷ್ಟರಲ್ಲಿ ಫೋನು ಬಂತು.

ಥರ್ಮಾಮೀಟರ್ ಸುಳ್ಳು ಹೇಳುತ್ತಾ? ಕೆಟಲ್ಲಿನಲ್ಲಿ ನೀರು ಕುದಿಸಿ ಅದ್ದಿದೆ. 98. ಸುಳ್ಳು ಹೇಳುತ್ತಿಲ್ಲ.

ಹನುಮಯ್ಯ ಟೈರಿಗೆ ಗಾಳಿ ಹಿಡಿಯುತ್ತಿದ್ದರು. ಮದ್ರಾಸಿನಿಂದ ಗಾಡಿ ತಂದವರು ಅವರೇ. "ಹನುಮಣ್ಣ, ಈ ಎಂಜಿನ್ನು ಬಿಸಿ ಆಗೋದೇ ಇಲ್ವಾ?"

ಮುಖ ಅರಳಿತು. "ಇದಾ? ಐಸು ಕಣಮ್ಮ, ಐಸು! ಎಲ್ಲಾ ನಿಮ್ ಯಜಮಾನ್ರ ಕೈಗುಣ. ತರೋವಾಗ ಕೃಷ್ಣಗಿರಿ ದಾಟುತ್ಲೂ ಹಿಂದೆ ಬುಸ್ ಅಂತ ಹೊಗೆ. ಮೊದಲೇ ಚಳಿ ಊರಿಂದ ಬಂದಿರೋ ಗಾಡಿ, ನಮ್ ಬಿಸಿಲು ಕಂಡಿಲ್ಲ. ಒಂದು ಹುಣಿಸೆ ಮರ, ಸುತ್ತ ನರಪಿಳ್ಳೆ ಇಲ್ಲ. ನಂಗೆ ಜೀವ ಬಾಯಿಗ್ ಬಂತು. ಅವ್ರು ಜೊತೇಲೇ ಇದ್ರಲ್ಲ, ಇಳಿದ್ರು, ಎರಡು ನಟ್ಟು ಬಿಚ್ಚಿದ್ರು, ಥರ್ಮೋಸ್ಟಾಟ್ ಕಿತ್ತು ಎಸೆದ್ರು. ಹತ್ತೇ ನಿಮಿಷ! ಆಮೇಲೆ ಪೀಣ್ಯದವರ್ಗೂ ಒಂದ್ ಬೆವರು ಬಂದಿಲ್ಲ ಗಾಡಿಗೆ."

"ಅದು ಏನು ಮಾಡೋ ಸಾಮಾನು?"

"ಒಂದ್ ಬಿಲ್ಲೆ ಅಷ್ಟೇ. ಎಂಜಿನ್ ತಣ್ಣಗಿರೋಗಂಟ ಬಾಯಿ ಮುಚ್ಕೊಂಡು ನೀರ್ನ ಒಳಗೇ ಇಟ್ಕತ್ತದೆ. ಬಿಸಿ ಆದ್ರೆ ಬಾಯಿ ಬಿಟ್ಟು ರೇಡಿಯೇಟ್ರಿಗೆ ಕಳಿಸ್ತದೆ. ಅದಿಲ್ದಿದ್ರೆ ನೀರು ಸುಮ್ನೆ ಓಡ್ತಾನೇ ಇರ್ತದೆ, ತಣ್ಣಗೆ. 'ಇದು ಚಳಿ ದೇಶದೋರಿಗೆ ಹನುಮಣ್ಣ, ನಮ್ಮೂರಿಗೆ ಯಾಕೆ' ಅಂದ್ರು. ಪೀಣ್ಯದಾಗೆ ಯಾವ್ ಮೇಸ್ತ್ರಿ ಇದನ್ನ ಇಟ್ಟವ್ನೆ ಹೇಳಮ್ಮ? ಎಲ್ರೂ ಮೊದ್ಲು ಕೀಳೋದೇ ಅದನ್ನ."

ಹೊಗಳಿ ಹೊಗಳಿ ಹೇಳಿದರು. ನಾನು ಪಂಪಿನ ಪಕ್ಕದ ಟೈರಿನ ಮೇಲೆ ಕೂತೆ. ನೀರು ಬೇಕಾ ಅಂದರು.

ಚಳಿ ದೇಶದ್ದು ಅಂತ ಕಿತ್ತು ಎಸೆದ ಗಾಡಿ ಈಗ ಚಳಿ ದೇಶಕ್ಕೇ ಹೊರಟಿದೆ.

ಪೈಪು ಸರಿ ಇದೆ. ನೆಲ ಸರಿ ಇದೆ. ತಪ್ಪೂ ಇವರದೇ.


17-8-97, ಭಾನುವಾರ

ಎಲ್ಲೂ ಹೋಗಲಿಲ್ಲ.

ಪೈಪು ಎಳೆಯುವಾಗ ನೆನಪಾಗಲಿಲ್ವಾ ಇವರಿಗೆ? ಹೀಟರಿಗೆ ಅಂತಲೇ ಎಳೆದದ್ದು. ಕೊನೆಗೆ ಹೊಸದು ಹಾಕೋಣ ಅಂತ ಇದ್ದರಾ? ಮಲಗಿದ ಹನ್ನೊಂದು ದಿನದಲ್ಲಿ ಒಂದು ಸಲವೂ ಹೇಳಲಿಲ್ಲ. ಹೇಳಿದ್ದೆಲ್ಲ ವೀರೇಶನ ಮೇಲೆ. ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ನಾಲ್ಕು ತಿಂಗಳು ಓಡಾಡಿದೆ.

ಸುಮ್ಮನಿದ್ದರೆ? ನಾಳೆ ನೆಲ ಹೋಗುತ್ತೆ. ದಪ್ಪ ಪೈಪು ಹಾಕುತ್ತಾರೆ, ಪಂಪು ಹಾಕುತ್ತಾರೆ. ಹಂಡೆ ಕಾಯುವುದಿಲ್ಲ. ಮೇಡಂ ಹಾಗೇ ಹೋಗುತ್ತಾರೆ, ಗಾಜು ಒರೆಸುತ್ತಾ.

ಯಾರು ಕಿತ್ತದ್ದು ಅಂತ ಹೇಳದೆ, ಕಿತ್ತಿದೆ ಅಂತ ಮಾತ್ರ ಹೇಳಬಹುದು. ಹನುಮಯ್ಯ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತಾರೆ? ನಾಲ್ಕು ನಿಮಿಷ.

ಅನ್ನಕ್ಕೆ ಇಟ್ಟು ಮರೆತೆ. ಸೀದುಹೋಯಿತು.


18-8-97, ಸೋಮವಾರ. ಸಂಜೆ 6.50

ಏಳೂವರೆಗೇ ಹೋದೆ. ಗ್ಯಾಸ್ ಸಿಲಿಂಡರ್ ಆಗಲೇ ಗಾಡಿ ಬಾಗಿಲಲ್ಲಿ. ವೀರೇಶ್ ಒಳಗೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ಸಾರ್ ಬಂದರು. ಮೇಡಂ ಕೂಡ ಬಂದಿದ್ದರು, ಚಪ್ಪಲಿ ಕಳಚಿ ಹೊರಗೆ ಬಿಟ್ಟಿದ್ದರು. ಕತ್ತರಿಸುವ ನೆಲಕ್ಕೆ ಯಾಕೆ ಚಪ್ಪಲಿ ಕಳಚಬೇಕು. ಅದನ್ನು ನೋಡಿ ನನಗೆ ಬಾಯಿ ಬಂತು.

"ಸಾರ್, ಎಂಜಿನ್ನಲ್ಲಿ ಥರ್ಮೋಸ್ಟಾಟ್ ಇಲ್ಲ. ಅದಕ್ಕೇ ನೀರು ಕಾಯ್ತಿಲ್ಲ. ಥರ್ಮಾಮೀಟರ್ ಕುದಿಯೋ ನೀರಲ್ಲಿ ಅದ್ದಿ ನೋಡಿದೀನಿ, ಸರಿ ಇದೆ."

ವೀರೇಶ್ ಸೀಮೆಸುಣ್ಣ ಕೆಳಗಿಟ್ಟು ಹಣೆಗೆ ಕೈ ಹಚ್ಚಿದರು. ಹಣೆಯೆಲ್ಲ ಬಿಳಿ ಆಯಿತು. "ಅಯ್ಯೋ ಶಿವನ... ಹಿಂದ ನೋಡಲೇ ಇಲ್ಲಲ್ಲ ನಾವು."

ಸಾರ್ ಕೇಳಿದರು. "ಯಾರು ತೆಗೆದದ್ದು?"

ಹನುಮಯ್ಯ ನನ್ನನ್ನು ನೋಡಿದರು, ಆಮೇಲೆ ತಮ್ಮ ಕಾಲನ್ನು. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸುಲಭ ಆಗುತ್ತಿತ್ತು.

"ನಮ್ಮನೆಯವರು" ಅಂದೆ. "ಕೃಷ್ಣಗಿರಿ ಹತ್ರ. ಗಾಡಿ ಹೊಗೆ ಎದ್ದಿತ್ತು."

ಸಾರ್ ಬಾಯಿ ತೆರೆಯುವ ಮುಂಚೆ ವೀರೇಶ್ ಹೇಳಿದರು. "ನಾನ ಹೇಳಿದ್ದೆ ಸಾರ್. ಅಣ್ಣಾರು ಅಲ್ಲಿಂದ ನನಗ ಫೋನ್ ಮಾಡಿದ್ರು. ಕಿತ್ತು ಒಗೀರಿ ಅಂದೆ. ಆಮ್ಯಾಗ ನನಗೂ ಮರತು ಹೋತು."

"ಇಬ್ಬರೂ ಕೂಡಿ ನಾಲ್ಕು ವಾರ ಐಸು ತರಿಸಿದ್ರಲ್ಲೋ ನನ್ನ ಕೈಲಿ" ಅಂದರು ಸಾರ್. ಸಿಲಿಂಡರ್ ವಾಪಸ್ ತಗೊಂಡು ಹೋಗು ಅಂದರು. ಮೇಡಂ ನಕ್ಕರು. ಹನುಮಯ್ಯ ನಗಲಿಲ್ಲ.

ನಾನೂ ನಗಲಿಲ್ಲ. ಹುಣಸೆ ಮರದ ಕೆಳಗೆ ಫೋನೆಲ್ಲಿತ್ತು?

ಯಾಕೆ ಸುಳ್ಳು ಹೇಳಿದರು? ಅವರಿಗೇನು ಲಾಭ? ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ. ಸಿಗುತ್ತಿಲ್ಲ.


23-8-97, ಶನಿವಾರ

ಆ ಅಳತೆಯ ಥರ್ಮೋಸ್ಟಾಟ್ ಊರಲ್ಲೆಲ್ಲೂ ಇಲ್ಲ. ವೀರೇಶ್ ಲಾರಿಯದೊಂದು ತಂದು, ಪೀಣ್ಯ ಸೆಕೆಂಡ್ ಸ್ಟೇಜಿನ ಲೇತ್ ಅಂಗಡಿಯಲ್ಲಿ ಸುತ್ತ ಹಿತ್ತಾಳೆ ಬಳೆ ಕಡೆಸಿ ಕೂರಿಸಿದರು. ಎರಡು ಸಲ ಸೋರಿತು. ಮೂರನೇ ಸಲ ನಿಂತಿತು.

ಹಿಂದೆ 82. ಮುಂದೆ 72.

ಐಸ್ ಗಡ್ಡೆ ಇಟ್ಟಿದ್ದರು. ಗಾಜು ಕೆಳಗಿನಿಂದ ತೆರೆಯುತ್ತಾ ಹೋಯಿತು, ಪರದೆ ಎತ್ತಿದ ಹಾಗೆ. ಏಳು ನಿಮಿಷ. ಆಚೆ ಬೇವಿನ ಮರ, ಆಚೆ ಗೇಟು, ಗೇಟಿನ ಆಚೆ ನಾಗಸಂದ್ರದ ಬಸ್ಸು — ಎಲ್ಲಾ ಕಂಡಿತು. ಹನುಮಯ್ಯ ಒಳಗಿಂದ, "ಬಾಗ್ಲು ತೆಗೀರಪ್ಪೋ, ಕಾಲು ಬೆಂದೋಯ್ತು" ಅಂತ ಕೂಗಿದರು.

ವೀರೇಶ್ ಒಬ್ಬರೇ ಇದ್ದಾಗ ಕೇಳಿದೆ. "ಫೋನಿನ ಮಾತು ಯಾಕೆ ಹೇಳಿದ್ರಿ?"

ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದರು. "ನಾನಿದ್ರೂ ಅದನ್ನ ಮಾಡ್ತಿದ್ದೆ ಗೌರಕ್ಕ. ಎಷ್ಟು ಗಾಡಿಯಿಂದ ಕಿತ್ತೀನೋ ನನಗ ಗೊತ್ತಿಲ್ಲ. ಕಿತ್ತಿದ್ದನ್ನ ನಾವು ಕೆಲಸ ಅಂತ ಅನ್ಕಳ್ಳೋದೇ ಇಲ್ಲ. ಅದಕ್ಕ ಹುಡುಕಲಿಲ್ಲ."

"ಮತ್ತೆ ಪೈಪು ಸರಿ ಇಲ್ಲ ಅಂದ್ರಿ."

"ಅಂದೆ. ತಪ್ಪಾತು."

ತಪ್ಪಾತು ಅಂದುಬಿಟ್ಟರು. ಇಷ್ಟು ಸುಲಭವಾಗಿ. ನಿಜವಾಗಿ ಹೇಳಿದರಾ, ಬಾಯಿಮಾತಿಗಾ? ಮುಖ ನೋಡಿದೆ. ತಿಳಿಯಲಿಲ್ಲ. ಇವರು ಒಂದು ದಿನವಾದರೂ ಆ ಮುಖವನ್ನು ನೇರ ನೋಡಿದ್ದರಾ ಅಂತ ಮನಸ್ಸಿಗೆ ಬಂತು. ತಕ್ಷಣ ಬೇಜಾರಾಯಿತು.


28-8-97, ಗುರುವಾರ. ಸಂಜೆ 7.15

ಮಧ್ಯಾಹ್ನ ಸಾರ್ ಕರೆದರು. ಗಾಡಿ ಜೊತೆ ಒಂದು ಹಾಳೆ ಹೋಗಬೇಕಂತೆ. ದೂರದಲ್ಲಿ ಕೆಟ್ಟರೆ ಅಲ್ಲಿಯ ಮೆಕ್ಯಾನಿಕ್ಕಿಗೆ ಏನು ಎಲ್ಲಿ ಆಗಿದೆ ಗೊತ್ತಾಗಲಿ ಅಂತ. ಯಾವ ಕೆಲಸ, ಮಾಡಿದವರು ಯಾರು. "ನೀವು ಕನ್ನಡದಾಗ ಬರೀರಿ, ಮೇಡಂ ಇಂಗ್ಲಿಷ್ ಮಾಡ್ಕಂತಾರ."

ಮೊದಲ ಸಾಲು, ನೆಲ ಮತ್ತು ಪೈಪು. ಪೆನ್ನು ಅಲ್ಲೇ ನಿಂತಿತು.

ಹದಿನಾಲ್ಕು ವರ್ಷದಲ್ಲಿ ಆ ಹೆಸರು ಒಂದು ಸಲವೂ ನನ್ನ ಬಾಯಲ್ಲಿ ಬಂದಿಲ್ಲ. ಮದುವೆ ದಿನ ಹೊಸಿಲಲ್ಲಿ ನಿಲ್ಲಿಸಿ ಹೇಳು ಹೇಳು ಅಂದಾಗಲೂ ಹೇಳದೆ ಅತ್ತುಬಿಟ್ಟಿದ್ದೆ. ರೇಷನ್ ಕಾರ್ಡಿಗೆ ಗುಮಾಸ್ತರು ಬರೆದುಕೊಂಡರು. ಆಸ್ಪತ್ರೆಯ ಕೊನೇ ಕಾಗದಕ್ಕೂ ನಾನು ಸಹಿ ಮಾತ್ರ ಹಾಕಿದ್ದು. ಈ ಪುಸ್ತಕದಲ್ಲೂ ಬರೆದಿಲ್ಲ.

ಬರೆದೆ. ನೆಲ ಮತ್ತು ಪೈಪು — ದೇವರಾಜ್.

ಪೈಪಿಗೆ ಫೆಲ್ಟ್ ಸುತ್ತಿದ್ದು — ಗೌರಮ್ಮ. ಹೊಸ ಥರ್ಮೋಸ್ಟಾಟ್ ಹಾಕಿದ್ದು — ವೀರೇಶ್.

ಹಳೇದು ತೆಗೆದದ್ದು ಅನ್ನುವ ಸಾಲು ಬಂತು. ವೀರೇಶ್ ಪಕ್ಕದಲ್ಲೇ ನಿಂತಿದ್ದರು. "ಅಲ್ಲಿ ನನ್ನ ಹೆಸರು ಹಾಕ್ರಿ ಅಕ್ಕ. ಸಾರ್ ಮುಂದ ಹೇಳೇನಲ್ಲ."

ಒಳ್ಳೆಯದಷ್ಟೇ ಇವರ ಹೆಸರಿಗೆ ಇಟ್ಟುಕೊಂಡು, ಉಳಿದದ್ದು ಇನ್ನೊಬ್ಬರ ತಲೆಗೆ? ಇವರ ಕೈ ಮಾಡಿದ್ದೆಲ್ಲ ಇವರದೇ. ಅದನ್ನು ಯಾರಿಗೂ ಕೊಡುವುದಿಲ್ಲ. ಅಲ್ಲದೆ ವೀರೇಶ್ ಯಾಕೆ ಇಷ್ಟು ಒಳ್ಳೆಯವರಾಗುತ್ತಿದ್ದಾರೆ ಅಂತ ನನಗೆ ಈಗಲೂ ಗೊತ್ತಿಲ್ಲ.

ದೇವರಾಜ್ ಅಂತಲೇ ಬರೆದೆ. ಎರಡನೇ ಸಲ ಕೈ ಅಷ್ಟು ತಡೆಯಲಿಲ್ಲ. ವೀರೇಶ್ ಓದಿದರು. ಕೆಳಗೆ ಫೋರ್ಮನ್ ಜಾಗದಲ್ಲಿ ಸಹಿ ಹಾಕಿದರು. ಸಹಿ ಹಾಕುವಾಗ ಕಣ್ಣು ಒರೆಸಿಕೊಂಡರೋ, ಬೆವರೋ, ನನಗೆ ಸರಿಯಾಗಿ ಕಾಣಲಿಲ್ಲ.

ಗಾಡಿ ಹತ್ತಿ ಹಿಂದಿನಿಂದ ಮುಂದಿನವರೆಗೆ ಒಂದು ಸಲ ನಡೆದು ಇಳಿದೆ.

ನಾಳೆ ಆರೂವರೆಗೆ ಗಾಡಿ ಹೊರಡುತ್ತೆ. ಒಂಬತ್ತಕ್ಕೆ ಆ ಜಾಗಕ್ಕೆ ಸ್ಕೂಲ್ ಬಸ್ಸೊಂದು ಬರುತ್ತೆ, ಐವತ್ತೆರಡು ಸೀಟು, ಹಸಿರು ರೆಕ್ಸಿನ್.